ಕಪ್ಪು ಹರಳು, ಹಗುರ ಅನಿಲ



1904ರಲ್ಲಿ ಲಂಡನ್ನಿನ ‘ನೇಚರ್’ ವಾರಪತ್ರಿಕೆಯಲ್ಲಿ ಸಿಂಹಳದಿಂದ ಬಂದ ಒಂದು ಕಪ್ಪು ಹರಳಿನ ವಿಚಾರ ಅಚ್ಚಾಯಿತು. ಬರೆದವರು ಅಲ್ಲಿನ ಇಂಪೀರಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕ ವಿಂಡಮ್ ಡನ್‌ಸ್ಟನ್. ಹರಳನ್ನು ಮೊದಲು ಗುರುತಿಸಿ ವಿವರಿಸಿದ್ದವರು ಸಿಂಹಳದ ಖನಿಜ ಸರ್ವೇಕ್ಷಣೆಯ ಮುಖ್ಯಸ್ಥ ಆನಂದ ಕುಮಾರಸ್ವಾಮಿ. ಆಗ ಅವರಿಗೆ ಇಪ್ಪತ್ತಾರು ವರ್ಷ. ನಟರಾಜನ ತಾಂಡವದ ಅರ್ಥವನ್ನು ಲೋಕಕ್ಕೆ ಬಿಡಿಸಿ ಹೇಳಿದ ಕಲಾಚಿಂತಕರೆಂದು ನಾವು ಯಾರನ್ನು ಬಲ್ಲೆವೋ ಅವರೇ ಇವರು. ಬಾಸ್ಟನ್ನಿನ ವಸ್ತುಸಂಗ್ರಹಾಲಯ ಸೇರುವುದಕ್ಕೆ ಎಷ್ಟೋ ಮೊದಲು, ಸುತ್ತಿಗೆ ಹಿಡಿದು ಬೆಟ್ಟ ಸುತ್ತುತ್ತಿದ್ದ ಭೂವಿಜ್ಞಾನಿ ಅವರು. ಜಿ.ಟಿ. ಪ್ರಯರ್ ಜೊತೆಗೂಡಿ ಸೆರೆಂಡಿಬೈಟ್ ಎಂಬ ಹೊಸ ಖನಿಜವೊಂದನ್ನು ಅದಾಗಲೇ ವಿವರಿಸಿಯೂ ಇದ್ದರು.

ಇವತ್ತು ನಾನು ಹೇಳಹೊರಟದ್ದು ಆ ಕಪ್ಪು ಹರಳಿನ ಕಥೆ. ಅದರ ಹೆಸರು ಥೋರಿಯನೈಟ್. ಥೋರಿಯಂ ಎಂಬ ಲೋಹವು ಆಮ್ಲಜನಕದ ಜೊತೆ ಸೇರಿ ಆದ ಆಕ್ಸೈಡ್ ಖನಿಜ. ದೋಹಾದಲ್ಲಿ ಕುಳಿತವನಿಗೆ ಸಿಂಹಳದ ಹರಳಿನ ಗೊಡವೆ ಯಾಕೆ ಎಂದು ನೀವು ಕೇಳಬಹುದು. ಕತಾರಿನ ಈಶಾನ್ಯ ಕರಾವಳಿಯಲ್ಲಿ ರಾಸ್ ಲಫ್ಫಾನ್ ಎಂಬ ಕೈಗಾರಿಕಾ ನಗರವಿದೆ. ನಮ್ಮ ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಎಷ್ಟೋ ಹುಡುಗರು ಬೆಳಗಿನ ಜಾವದ ಕಂಪನಿ ಬಸ್ಸು ಹಿಡಿದು ಅಲ್ಲಿಗೆ ಶಿಫ್ಟಿಗೆ ಹೋಗುತ್ತಾರೆ. ಅಲ್ಲಿಂದ ದ್ರವರೂಪದ ನೈಸರ್ಗಿಕ ಅನಿಲ ಹಡಗು ಹತ್ತುವುದು ಎಲ್ಲರಿಗೂ ಗೊತ್ತು. ಅದರ ಜೊತೆಗೆ ಹೀಲಿಯಂ ಕೂಡ ಹೊರಡುತ್ತದೆ ಎಂಬುದು ಅಲ್ಲೇ ದುಡಿಯುವ ಕೆಲವರಿಗೂ ಹೊಸ ಸುದ್ದಿ. ಆ ಹೀಲಿಯಂ ಭೂಮಿಯೊಳಗೆ ಹುಟ್ಟಿದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ ದಾರಿಯಲ್ಲಿ ಥೋರಿಯನೈಟ್ ಒಂದು ದೊಡ್ಡ ಮೆಟ್ಟಿಲು.

ಮೊದಲು ಹರಳು ಸಿಕ್ಕ ಜಾಗಕ್ಕೆ ಹೋಗೋಣ. ಸಿಂಹಳದ ಸಬರಗಮುವ ಪ್ರಾಂತ್ಯದಲ್ಲಿ ರತ್ನಪುರ, ಬಲಾಂಗೊಡ ಎಂಬ ಊರುಗಳಿವೆ. ಅಲ್ಲಿನ ಗದ್ದೆಗಳ ಅಡಿಯಲ್ಲೂ ಹೊಳೆಗಳ ಪಾತ್ರದಲ್ಲೂ ಜಲ್ಲಿಯ ಪದರವೊಂದು ಹರಡಿಕೊಂಡಿದೆ. ಸ್ಥಳೀಯರು ಅದನ್ನು ಇಲ್ಲಂ ಎನ್ನುತ್ತಾರೆ. ಗುಂಡಿ ತೋಡಿ, ಆ ಜಲ್ಲಿಯನ್ನು ಬಿದಿರಿನ ಬುಟ್ಟಿಗೆ ತುಂಬಿ, ಸೊಂಟಮಟ್ಟದ ನೀರಿನಲ್ಲಿ ನಿಂತು, ನಮ್ಮ ಮನೆಗಳಲ್ಲಿ ಅಕ್ಕಿ ಜಾಲಿಸಿ ಕಲ್ಲು ತೆಗೆಯುವಂತೆ ತಿರುಗಿಸುತ್ತಾರೆ. ಹಗುರಾದ ಮಣ್ಣು, ಮರಳು ಅಂಚಿನಿಂದ ಕೊಚ್ಚಿಹೋಗಿ ಭಾರವಾದದ್ದು ತಳದಲ್ಲಿ ಉಳಿಯುತ್ತದೆ. ನೀಲಮಣಿ, ಮಾಣಿಕ್ಯ, ಸ್ಪಿನೆಲ್, ಜಿರ್ಕಾನ್ ಎಲ್ಲ ಸಿಗುವುದು ಆ ತಳದಲ್ಲೇ. ಇವುಗಳಲ್ಲಿ ಮೊದಲ ಮೂರೂ ಆಕ್ಸೈಡ್‌ಗಳೇ. ನೀಲ, ಮಾಣಿಕ್ಯ ಎರಡೂ ಕುರಂದ, ಅಂದರೆ ಅಲ್ಯುಮಿನಿಯಂ ಆಕ್ಸೈಡ್. ಒಂದಿಷ್ಟೇ ಇಷ್ಟು ಬೇರೆ ಲೋಹ ಸೇರಿ ಒಂದಕ್ಕೆ ನೀಲಿ, ಇನ್ನೊಂದಕ್ಕೆ ಕೆಂಪು ಬಂದಿದೆ. ರತ್ನ ಹುಡುಕುವವನ ಕಣ್ಣು ಈ ಬಣ್ಣಗಳ ಮೇಲೆ. ಅದೇ ತಳದಲ್ಲಿ ಉಳಿದ ಕಪ್ಪು ಕಾಳುಗಳು ಅವನಿಗೆ ಬೇಡದ ಕಸ.

ಆ ಕಪ್ಪು ಕಾಳುಗಳಲ್ಲಿ ಕೆಲವು ಚಿಕ್ಕ ಚಿಕ್ಕ ಘನಾಕೃತಿಗಳು. ನೀರಿನಲ್ಲಿ ಉರುಳಿ ಅಂಚು ಸವೆದಿದ್ದರೂ ಆರು ಮುಖಗಳು ಗುರುತಾಗುತ್ತವೆ. ಅಂಗೈ ಮೇಲಿಟ್ಟರೆ ಗಾತ್ರಕ್ಕೆ ಮೀರಿದ ತೂಕ. ಎಷ್ಟು ತೂಕ ಎಂದರೆ, ಕುರಂದ ನೀರಿಗಿಂತ 4 ಪಟ್ಟು ಭಾರ, ಕಪ್ಪು ಕಬ್ಬಿಣದ ಅದಿರಾದ ಮ್ಯಾಗ್ನೆಟೈಟ್ 5 ಪಟ್ಟಿಗಿಂತ ಸ್ವಲ್ಪ ಹೆಚ್ಚು, ಈ ಘನ 9 ಪಟ್ಟಿಗೂ ಮಿಕ್ಕಿ. ಗಾಳಿಯಲ್ಲೊಮ್ಮೆ, ನೀರಿನಲ್ಲಿ ಮುಳುಗಿಸಿ ಇನ್ನೊಮ್ಮೆ ತೂಗಿದರೆ ಸಾಕು, ಇದು ಮಾಮೂಲಿ ಕಬ್ಬಿಣದ ಕಲ್ಲಲ್ಲ ಎಂದು ತಕ್ಕಡಿಯೇ ಹೇಳುತ್ತದೆ. ಕಪ್ಪು ಬಣ್ಣ, ಘನಾಕೃತಿ, ಇಷ್ಟು ಭಾರ, ಮೇಲಾಗಿ ವಿಕಿರಣ. ಇವೆಲ್ಲ ಕೂಡಿ ಬರುವ ಖನಿಜ ಆ ಕಾಲಕ್ಕೆ ಗೊತ್ತಿದ್ದದ್ದು ಒಂದೇ: ಯುರೇನಿಯಂ ಆಕ್ಸೈಡಾದ ಯುರೇನಿನೈಟ್. ಕುಮಾರಸ್ವಾಮಿ ಇದನ್ನು ಯುರೇನಿನೈಟ್ ಎಂದೇ ಗುರುತಿಸಿದರು. ಕಾಡು ಮೇಡಿನಲ್ಲಿ ಕೈಗೆ ಸಿಗುವ ಸಾಧನಗಳಿಂದ ಯಾರೇ ನೋಡಿದ್ದರೂ ಅದನ್ನೇ ಹೇಳುತ್ತಿದ್ದರು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಆ ಗುರುತಿಗೆ ಪ್ರಯೋಗಶಾಲೆಯ ಪರೀಕ್ಷೆಯೂ ನಡೆಯಿತು. ಇಡೀ ಕಥೆ ನಿಂತಿರುವುದು ಆ ಪರೀಕ್ಷೆಯ ಮೇಲೆ.

ಇಲ್ಲಿ ಒಂದು ಮಾತು ವಿವರಿಸಬೇಕು. ಒಂದು ಖನಿಜ ಇನ್ನೊಂದಕ್ಕಿಂತ ಬೇರೆ ಜಾತಿಯದು ಎಂದು ಯಾವುದರ ಮೇಲೆ ತೀರ್ಮಾನಿಸುವುದು? ನೋಟ ಸಾಲದು. ದೋಹಾದ ಕಾರ್ನಿಷ್ ಪಕ್ಕದಲ್ಲಿ ಕತಾರಿನ ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ. ಫ್ರಾನ್ಸಿನ ವಾಸ್ತುಶಿಲ್ಪಿ ಜಾನ್ ನುವೆಲ್ ವಿನ್ಯಾಸಗೊಳಿಸಿದ್ದು, 2019ರ ಮಾರ್ಚ್‌ನಲ್ಲಿ ತೆರೆದದ್ದು. ಒಂದರೊಳಗೊಂದು ತೂರಿಕೊಂಡ ದೊಡ್ಡ ತಟ್ಟೆಗಳ ಆ ಕಟ್ಟಡದ ರೂಪಕ್ಕೆ ಮೂಲ ಇಲ್ಲಿನ ಮರುಭೂಮಿಯಲ್ಲಿ ಸಿಗುವ ಮರಳು ಗುಲಾಬಿ. ಉಪ್ಪುನೀರು ಇಂಗಿ ಆವಿಯಾಗುವ ಸಬ್ಖಾ ನೆಲದಲ್ಲಿ, ಮರಳನ್ನು ತನ್ನೊಳಗೆ ಸೇರಿಸಿಕೊಂಡು ಬೆಳೆಯುವ ಜಿಪ್ಸಂ ಹರಳುಗಳ ಗೊಂಚಲು ಅದು. ಅದೇ ರೂಪದ ಗುಲಾಬಿಯನ್ನು ಅಮೆರಿಕದ ಓಕ್ಲಹೋಮದಲ್ಲಿ ಬೇರೈಟ್ ಎಂಬ ಬೇರೆಯೇ ಖನಿಜ ಕಟ್ಟುತ್ತದೆ. ರೂಪ ಒಂದೇ, ಜಾತಿ ಎರಡು. ಖನಿಜದ ಜಾತಿಯನ್ನು ನಿರ್ಧರಿಸುವುದು ಎರಡು ಸಂಗತಿ: ಒಳಗೆ ಯಾವ ಯಾವ ಧಾತುಗಳು ಯಾವ ಪ್ರಮಾಣದಲ್ಲಿವೆ, ಆ ಪರಮಾಣುಗಳು ಯಾವ ಕ್ರಮದಲ್ಲಿ ಜೋಡಿಕೊಂಡಿವೆ. ಇದ್ದಿಲಿನ ವಂಶದ ಗ್ರಾಫೈಟ್ ಮತ್ತು ವಜ್ರ ಎರಡರಲ್ಲೂ ಇರುವುದು ಇಂಗಾಲವೇ. ಜೋಡಣೆ ಬೇರೆಯಾದ್ದರಿಂದ ಎರಡು ಜಾತಿ. ನಮ್ಮ ಸಿಂಹಳದ ಹರಳಿನದು ಇದಕ್ಕೆ ತಿರುಗುಮುರುಗು. ಅದರ ಜೋಡಣೆ ಯುರೇನಿನೈಟಿನದೇ. ಹೊರಗೆ ಘನ, ಒಳಗೂ ಅದೇ ಕಟ್ಟು. ಬೇರೆಯಾದದ್ದು ಧಾತು.

ಡನ್‌ಸ್ಟನ್ನರ ಸಂಸ್ಥೆಯಲ್ಲಿ ಹರಳನ್ನು ಪುಡಿಮಾಡಿ ವಿಶ್ಲೇಷಿಸಿದರು. ಎಕ್ಸ್-ಕಿರಣದ ಹರಳು ಪರೀಕ್ಷೆ ಆಗಿನ್ನೂ ಹುಟ್ಟಿರಲಿಲ್ಲ. ಆಮ್ಲ, ಗಾಜಿನ ಪಾತ್ರೆ, ಸೋಸುವ ಕಾಗದ, ಸೂಕ್ಷ್ಮ ತಕ್ಕಡಿ, ಇಷ್ಟೇ ಬಂಡವಾಳ. ಥೋರಿಯಂ ಇದೆಯೇ ಎಂದು ನೋಡಲು ಆ ಕಾಲದ ರಸಾಯನಜ್ಞರಿಗೆ ಗೊತ್ತಿದ್ದ ದಾರಿ ಹೀಗೆ. ಪುಡಿಯನ್ನು ಬಲವಾದ ಆಮ್ಲದಲ್ಲಿ ಕರಗಿಸಬೇಕು. ಆ ದ್ರಾವಣಕ್ಕೆ ಆಕ್ಸಾಲಿಕ್ ಆಮ್ಲ ಹಾಕಿದರೆ ಥೋರಿಯಂ ಬಿಳಿಯ ಗಷ್ಟಾಗಿ ತಳಕ್ಕೆ ಇಳಿಯುತ್ತದೆ. ಯುರೇನಿಯಂ ಹಳದಿ ದ್ರಾವಣದಲ್ಲೇ ಉಳಿದುಕೊಳ್ಳುತ್ತದೆ. ಥೋರಿಯಂ ಜೊತೆಗೆ ಸೀರಿಯಂ, ಲ್ಯಾಂಥನಂ ಮುಂತಾದ ವಿರಳ ಭಸ್ಮ ಧಾತುಗಳೂ ಇಳಿಯುವುದರಿಂದ ಅವನ್ನು ಮತ್ತೆ ಬೇರ್ಪಡಿಸಬೇಕು. ಸೋಸಿ, ತೊಳೆದು, ಕಾಯಿಸಿ, ತೂಗಬೇಕು. ಹರಳಿನ ತೂಕದಲ್ಲಿ ಶೇಕಡ 70ಕ್ಕೂ ಮಿಕ್ಕಿ ಥೋರಿಯಂ ಆಕ್ಸೈಡೇ ಎಂದು ತಿಳಿಯಿತು. ಯುರೇನಿಯಂ ಇತ್ತು, ಆದರೆ ಅದರದ್ದು ಸಣ್ಣ ಪಾಲು. ಯುರೇನಿನೈಟ್ ಎಂಬ ಗುರುತು ಅಲ್ಲಿಗೆ ಬಿದ್ದುಹೋಯಿತು. ಥೋರಿಯಂ ಅದಕ್ಕೆ ಮೊದಲು ಥೋರೈಟ್ ಎಂಬ ಸಿಲಿಕೇಟಿನಲ್ಲಿ, ಮೊನಜೈಟ್ ಎಂಬ ಫಾಸ್ಫೇಟಿನಲ್ಲಿ ಸಿಕ್ಕಿತ್ತು. ಥೋರಿಯಂ ಪ್ರಧಾನವಾದ ಆಕ್ಸೈಡ್ ನಿಸರ್ಗದಲ್ಲಿದೆ ಎಂಬುದೇ ಹೊಸ ವಿಷಯ. ಡನ್‌ಸ್ಟನ್ ಅದಕ್ಕೆ ಥೋರಿಯನೈಟ್ ಎಂದು ಹೆಸರಿಟ್ಟರು. 1905ರಲ್ಲಿ ಅವರೂ ಜಿ.ಎಸ್. ಬ್ಲೇಕ್ ಅವರೂ ಸೇರಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪೂರ್ತಿ ವಿವರಣೆ ಕೊಟ್ಟರು.

ಲಂಡನ್ನಿಗೆ ಇದರಲ್ಲಿ ಇಷ್ಟು ಆಸಕ್ತಿ ಬರಲು ಬರಿಯ ಜ್ಞಾನದ ಹಂಬಲವಷ್ಟೇ ಕಾರಣವಲ್ಲ. ಆಸ್ಟ್ರಿಯದ ಆವರ್ ಫಾನ್ ವೆಲ್ಸ್‌ಬಾಕ್ ಎಂಬವರು ಗ್ಯಾಸ್ ದೀಪಕ್ಕೆ ಮ್ಯಾಂಟಲ್ ಕಂಡುಹಿಡಿದಿದ್ದರು. 1891ರ ಹೊತ್ತಿಗೆ ಅದರ ಪಾಕ ನೂರಕ್ಕೆ 99 ಪಾಲು ಥೋರಿಯಂ ಆಕ್ಸೈಡ್, 1 ಪಾಲು ಸೀರಿಯಂ ಆಕ್ಸೈಡ್ ಎಂದು ನೆಲೆಗೊಂಡಿತ್ತು. ನಮ್ಮ ಕರಾವಳಿಯ ಹಿರಿಯರು ಗದ್ದೆಯಲ್ಲಿ ಬಯಲಾಟ ನೋಡಿದ್ದು ಇದೇ ಬೆಳಕಿನಲ್ಲಿ. ರಂಗಸ್ಥಳದ ಗ್ಯಾಸ್‌ಲೈಟಿನ ಮ್ಯಾಂಟಲಿಗೆ ಬೆಂಕಿ ಮುಟ್ಟಿಸಿದಾಗ ನೂಲು ಸುಟ್ಟುಹೋಗಿ, ಮುಟ್ಟಿದರೆ ಉದುರುವ ಬಿಳಿಯ ಬಲೆ ಉಳಿಯುತ್ತಿತ್ತಲ್ಲ, ಅದು ಥೋರಿಯಂ ಆಕ್ಸೈಡ್. 3300 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೂ ಕರಗದ ವಸ್ತುವಾದ್ದರಿಂದಲೇ ಆ ಉರಿಯಲ್ಲಿ ಇಡೀ ರಾತ್ರಿ ನಿಲ್ಲುತ್ತಿತ್ತು. ವೇಷದ ಕಿರೀಟ ಹೊಳೆಸಿದ ಆ ಪುಡಿ ಬಲಾಂಗೊಡದ ಕಪ್ಪು ಘನದ ರಾಸಾಯನಿಕ ತಮ್ಮ. ಯುರೋಪಿನ ಬೀದಿಗಳಿಗೆಲ್ಲ ಮ್ಯಾಂಟಲ್ ಬೇಕಾಗಿದ್ದ ಆ ದಿನಗಳಲ್ಲಿ ಥೋರಿಯಂ ತುಂಬಿದ ಹರಳಿಗೆ ಬೆಲೆ ಬಂದದ್ದು ಸಹಜ.

ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಅದೇ 1904ರಲ್ಲಿ ರಸಾಯನಜ್ಞ ವಿಲಿಯಂ ರಾಮ್ಸೇ ಆ ಹರಳಿನಲ್ಲಿ ಕಂಡ ಇನ್ನೊಂದು ಸಂಗತಿ. ಹರಳಿನಿಂದ ಅನಿಲ ಹೊರಬಂತು. ಆ ಅನಿಲ ಹೀಲಿಯಂ.

ಸ್ವಲ್ಪ ಹಿಂದಕ್ಕೆ ಹೋಗಿ ಹೇಳುತ್ತೇನೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ನೋಡಲು ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್ ಗುಂಟೂರಿಗೆ ಬಂದಿದ್ದರು. ಆ ವರ್ಷದ ಸೂರ್ಯವೀಕ್ಷಣೆಗಳಿಂದ, ಸೂರ್ಯನ ಬೆಳಕಿನ ರೋಹಿತದಲ್ಲಿ ಭೂಮಿಯ ಯಾವ ಧಾತುವಿಗೂ ಹೊಂದದ ಹಳದಿ ಗೆರೆಯೊಂದು ಬೆಳಕಿಗೆ ಬಂತು. ಇಂಗ್ಲೆಂಡಿನ ಖಗೋಳಜ್ಞ ಲಾಕ್ಯರ್ ಅದನ್ನು ಹೊಸ ಧಾತುವಿನದೆಂದು ವಾದಿಸಿದರು. ಆ ಧಾತು, ಅಂದರೆ ಹೀಲಿಯಂ, ಭೂಮಿಯಲ್ಲಿ ಕೈಗೆ ಸಿಕ್ಕಿದ್ದು 1895ರಲ್ಲಿ. ಸಿಕ್ಕಿದ್ದು ಎಲ್ಲಿ? ಯುರೇನಿನೈಟಿನ ಒಂದು ಬಗೆಯಾದ ಕ್ಲೀವೈಟ್ ಎಂಬ ಆಕ್ಸೈಡ್ ಖನಿಜದಲ್ಲಿ. ಅಮೆರಿಕದ ಹಿಲ್ಲೆಬ್ರಾಂಡ್ ಎಂಬ ನಿಪುಣ ವಿಶ್ಲೇಷಕರು ಯುರೇನಿನೈಟನ್ನು ಆಮ್ಲದಲ್ಲಿ ಕಾಯಿಸಿದಾಗ ಹೊರಟ ಅನಿಲವನ್ನು ಅದಾಗಲೇ ಹಿಡಿದಿದ್ದರು. ಯಾವುದರೊಂದಿಗೂ ಸುಲಭವಾಗಿ ಬೆರೆಯದ ಅದನ್ನು ಸಾರಜನಕ ಎಂದುಕೊಂಡರು. ರಾಮ್ಸೇ ಅದೇ ಕೆಲಸವನ್ನು ಮತ್ತೆ ಮಾಡಿ, ಅನಿಲದ ಬೆಳಕನ್ನು ರೋಹಿತದರ್ಶಕದಲ್ಲಿ ನೋಡಿದರು. ಸೂರ್ಯನ ಹಳದಿ ಗೆರೆ ಅಲ್ಲಿತ್ತು. ಹೋಲುತ್ತದೆ ಎಂದು ಒಪ್ಪಿ ಬಿಟ್ಟುಬಿಟ್ಟ ಜಾಗದಲ್ಲೇ ಎರಡು ಸಲವೂ ಹೊಸದು ಅಡಗಿತ್ತು, ನೋಡಿ. ಒಮ್ಮೆ ಅನಿಲದಲ್ಲಿ, ಒಮ್ಮೆ ಹರಳಿನಲ್ಲಿ.

ಥೋರಿಯನೈಟಿನಲ್ಲಿದ್ದ ಹೀಲಿಯಂ ಪ್ರಮಾಣ ಎಲ್ಲರನ್ನೂ ಬೆರಗುಗೊಳಿಸಿತು. ಒಂದು ಗ್ರಾಂ ಹರಳಿನಿಂದ ಸುಮಾರು 9 ಘನ ಸೆಂಟಿಮೀಟರ್. ಒಂದು ಗ್ರಾಂ ಹರಳಿನ ಗಾತ್ರವಾದರೂ ಎಷ್ಟು? ಒಂದು ಘನ ಸೆಂಟಿಮೀಟರಿನ ಒಂಬತ್ತನೇ ಒಂದು ಪಾಲು. ಅಂದರೆ ತನ್ನ ಗಾತ್ರದ ಸುಮಾರು ಎಂಬತ್ತು ಪಟ್ಟು ಅನಿಲವನ್ನು ಆ ಕಲ್ಲು ಒಳಗೆ ಬಿಗಿಹಿಡಿದಿತ್ತು. ಹೊರಗಿನ ಗಾಳಿಯಿಂದ ಹೀರಿದ್ದಲ್ಲ. ಗಾಳಿಯಲ್ಲಿ ಹೀಲಿಯಂ ಇರುವುದು ಹತ್ತು ಲಕ್ಷದಲ್ಲಿ ಸುಮಾರು 5 ಪಾಲು. ಒಳಗೇ ಹುಟ್ಟಿದ್ದು. ಥೋರಿಯಂ ಪರಮಾಣು ಸ್ಥಿರವಲ್ಲ. ಹಂತ ಹಂತವಾಗಿ ಕುಸಿಯುತ್ತ ಆರು ಆಲ್ಫಾ ಕಣಗಳನ್ನು ಹೊರಹಾಕಿ ಕೊನೆಗೆ ಸೀಸವಾಗಿ ನಿಲ್ಲುತ್ತದೆ. ಯುರೇನಿಯಂ 238 ಎಂಟು ಕಣ ಹೊರಹಾಕುತ್ತದೆ. ಒಂದೊಂದು ಆಲ್ಫಾ ಕಣವೂ ಹೀಲಿಯಂನ ನ್ಯೂಕ್ಲಿಯಸ್. ಎರಡು ಎಲೆಕ್ಟ್ರಾನು ಸೇರಿಸಿಕೊಂಡರೆ ಹೀಲಿಯಂ ಪರಮಾಣು. ಇದನ್ನು ಭೌತವಿಜ್ಞಾನಿಗಳಾದ ರುದರ್‌ಫರ್ಡ್ ಮತ್ತು ರಾಯ್ಡ್ಸ್ ಕೆಲವೇ ವರ್ಷಗಳಲ್ಲಿ ಪ್ರಯೋಗದಿಂದ ಸಾಧಿಸಿ ತೋರಿಸಿದರು. ಥೋರಿಯಂನ ಅರ್ಧಾಯುಷ್ಯ ಸುಮಾರು 1400 ಕೋಟಿ ವರ್ಷ, ಆದ್ದರಿಂದ ಉತ್ಪತ್ತಿ ಬಹಳ ನಿಧಾನ. ಇಂಥ ನಿಧಾನಗತಿಯಲ್ಲಿ ಗ್ರಾಮಿಗೆ 9 ಘನ ಸೆಂಟಿಮೀಟರ್ ತುಂಬಿದೆ ಎಂದರೆ ಹರಳಿಗೆ ಎಷ್ಟು ವಯಸ್ಸಾಗಿರಬೇಕು?

ಈ ಪ್ರಶ್ನೆಯನ್ನು ಲಾರ್ಡ್ ರ‍್ಯಾಲಿಯವರ ಮಗ ಆರ್.ಜೆ. ಸ್ಟ್ರಟ್ ಕೈಗೆತ್ತಿಕೊಂಡರು. ಥೋರಿಯನೈಟಿನಲ್ಲಿ ಹೀಲಿಯಂ ಹೊಸದಾಗಿ ಹುಟ್ಟುವ ವೇಗವನ್ನು ಪ್ರಯೋಗಶಾಲೆಯಲ್ಲೇ ಅಳೆದು, ಈಗ ಇರುವುದನ್ನು ಅದರಿಂದ ಭಾಗಿಸಿದರು. ಬಂದ ಉತ್ತರ 20 ಕೋಟಿ ವರ್ಷಕ್ಕೂ ಮೇಲೆ. ಹೀಲಿಯಂ ಸ್ವಲ್ಪ ಸ್ವಲ್ಪ ಸೋರುವುದರಿಂದ ಅದು ಕನಿಷ್ಠ ವಯಸ್ಸು. ಸಿಂಹಳದ ಆ ಬೆಟ್ಟಗಳ ಶಿಲೆ ಭೂಗರ್ಭದ ಕಾವಿನಲ್ಲಿ ಬೆಂದು ರೂಪಾಂತರಗೊಂಡದ್ದು ಸುಮಾರು 55 ಕೋಟಿ ವರ್ಷದ ಹಿಂದೆ ಎಂದು ಇಂದಿನ ಅಳತೆಗಳು ಹೇಳುತ್ತವೆ. ಭೂಮಿಗೆ ಬರಿಯ ಎರಡು ನಾಲ್ಕು ಕೋಟಿ ವರ್ಷ ಪ್ರಾಯ ಎಂದು ಲಾರ್ಡ್ ಕೆಲ್ವಿನ್ ಲೆಕ್ಕ ಹಾಕಿಕೊಟ್ಟಿದ್ದ ಕಾಲದಲ್ಲಿ, ಅಂಗೈಯಷ್ಟೂ ಇಲ್ಲದ ಹರಳು ಆ ಲೆಕ್ಕವನ್ನು ಅಲುಗಾಡಿಸಿತು. ರಾಮ್ಸೇ ಅವರ ಪ್ರಯೋಗಶಾಲೆಗೆ ಬಂದಿದ್ದ ಜರ್ಮನಿಯ ತರುಣ ಆಟೋ ಹಾನ್, ಥೋರಿಯನೈಟಿನಿಂದ ತೆಗೆದ ಬೇರಿಯಂ ಲವಣದಲ್ಲಿ ರೇಡಿಯಂ ಹುಡುಕುತ್ತ ಹೋಗಿ 1905ರಲ್ಲಿ ರೇಡಿಯೋಥೋರಿಯಂ ಎಂಬ ಹೊಸ ವಿಕಿರಣಶೀಲ ವಸ್ತುವನ್ನು ಕಂಡರು. ಸಾವಯವ ರಸಾಯನ ಓದಿ ಕಾರ್ಖಾನೆ ಸೇರಬೇಕೆಂದಿದ್ದ ಅವರ ಬದುಕು ಅಲ್ಲಿಂದ ದಿಕ್ಕು ಬದಲಿಸಿತು. ಮುಂದೆ ಪರಮಾಣು ವಿದಳನಕ್ಕೆ ಕೈಯಿಟ್ಟವರು ಇವರೇ.

ಈಗ ಕತಾರಿಗೆ ಬರುತ್ತೇನೆ. ಇಲ್ಲಿನ ಉತ್ತರ ಕರಾವಳಿಯಾಚೆಯ ಸಮುದ್ರದಡಿಯಲ್ಲಿ 1971ರಲ್ಲಿ ಪತ್ತೆಯಾದ ನಾರ್ತ್ ಫೀಲ್ಡ್ ಜಗತ್ತಿನ ಅತಿ ದೊಡ್ಡ ಅನಿಲ ನಿಕ್ಷೇಪದ ಭಾಗ. ಅನಿಲ ಇರುವುದು ಖುಫ್ ಎಂದು ಕರೆಯುವ ಸುಣ್ಣಕಲ್ಲು, ಡೋಲೊಮೈಟ್ ಪದರಗಳಲ್ಲಿ. ಅವುಗಳ ಮಧ್ಯೆ, ಮೇಲೆ ಕವಿದ ಗಟ್ಟಿ ಅನ್‌ಹೈಡ್ರೈಟ್ ಪದರಗಳು ಅನಿಲ ತಪ್ಪಿಸಿಕೊಳ್ಳದಂತೆ ತಡೆದಿವೆ. ಈ ಸುಣ್ಣಕಲ್ಲಿನಲ್ಲಿ ಥೋರಿಯಂ, ಯುರೇನಿಯಂ ತೀರಾ ಕಡಿಮೆ. ಹೀಲಿಯಂ ಹುಟ್ಟುವ ನೆಲೆ ಭೂಚಿಪ್ಪಿನ ಆಳದ ಗ್ರಾನೈಟ್, ನೈಸ್ ಶಿಲೆಗಳು. ಅವುಗಳ ಒಳಗೆ ಚದುರಿದ ಥೋರಿಯಂ, ಯುರೇನಿಯಂ ಪರಮಾಣುಗಳು ಕೋಟ್ಯಂತರ ವರ್ಷ ಕುಸಿಯುತ್ತ ಹೋದಂತೆ ಹುಟ್ಟಿದ ಹೀಲಿಯಂ ಬಿರುಕುಗಳ ದಾರಿ ಹಿಡಿದು ಮೇಲೇರಿ, ಅನಿಲದ ಜೊತೆ ಸಿಕ್ಕಿಬೀಳುತ್ತದೆ. ಸಿಂಹಳದ ಹರಳಿನೊಳಗೆ ನಡೆದದ್ದೂ ಇದೇ ಕ್ರಿಯೆ. ಅಲ್ಲಿ ಹುಟ್ಟಿದ್ದು ಹರಳಿನಲ್ಲೇ ಉಳಿಯಿತು, ಇಲ್ಲಿ ಶಿಲೆಯಿಂದ ಹೊರಬಂದು ಕೂಡಿಕೊಂಡಿತು.

ನಾರ್ತ್ ಫೀಲ್ಡ್ ಅನಿಲದಲ್ಲಿ ಹೀಲಿಯಂ ಪಾಲು ಶೇಕಡ 0.04ರಷ್ಟು, ಹತ್ತು ಸಾವಿರದಲ್ಲಿ ನಾಲ್ಕು. ಅಷ್ಟಕ್ಕಾಗಿ ಯಾರೂ ಬಾವಿ ಕೊರೆಯುವುದಿಲ್ಲ. ಆದರೆ ರಾಸ್ ಲಫ್ಫಾನಿನಲ್ಲಿ ಅನಿಲವನ್ನು ಮೈನಸ್ 162 ಡಿಗ್ರಿಗೆ ತಣಿಸಿ ದ್ರವ ಮಾಡುತ್ತಾರೆ. ಮೀಥೇನ್ ದ್ರವವಾಗಿ ಇಳಿದಾಗ ಹೀಲಿಯಂ, ಸಾರಜನಕ ಮೇಲೆ ಅನಿಲವಾಗಿಯೇ ಉಳಿಯುತ್ತವೆ. ಹತ್ತು ಸಾವಿರದಲ್ಲಿ ನಾಲ್ಕಾಗಿದ್ದದ್ದು ಹೀಗೆ ಒಟ್ಟುಗೂಡುತ್ತದೆ. ಅದನ್ನು ಶುದ್ಧಮಾಡಿ, ಮೈನಸ್ 269 ಡಿಗ್ರಿಗೆ ಇಳಿಸಿ, ದಪ್ಪ ಕವಚದ ಟ್ಯಾಂಕುಗಳಿಗೆ ತುಂಬುತ್ತಾರೆ. ಮೊದಲ ಹೀಲಿಯಂ ಘಟಕ 2005ರಲ್ಲಿ, ಎರಡನೆಯದು 2013ರಲ್ಲಿ ಶುರುವಾದವು. ಜಗತ್ತಿನ ಹೀಲಿಯಂನಲ್ಲಿ ಕಾಲುಭಾಗಕ್ಕಿಂತ ಹೆಚ್ಚನ್ನು ಕತಾರ್ ಒದಗಿಸಿದ ವರ್ಷಗಳಿವೆ. 2017ರ ಜೂನ್‌ನಲ್ಲಿ ನೆರೆರಾಷ್ಟ್ರಗಳು ಗಡಿ ಮುಚ್ಚಿದಾಗ ಸೌದಿಯ ರಸ್ತೆ ಬಂದಾಗಿ ಈ ಘಟಕಗಳು ಕೆಲವು ವಾರ ನಿಂತವು. ಬಳಿಕ ಒಮಾನಿನ ಸೋಹಾರ್ ಬಂದರಿನ ಮೂಲಕ ದಾರಿ ಮಾಡಿಕೊಂಡರು. ದೂರದ ಆಸ್ಪತ್ರೆಗಳ ಎಂ.ಆರ್.ಐ. ಯಂತ್ರಗಳ ಕಾಂತಕ್ಕೆ ತಂಪು ಕೊಡುವ ದ್ರವ ಎಲ್ಲಿ ನಿಂತುಹೋಗುತ್ತದೋ ಎಂಬ ಆತಂಕ ಆಗ ಹಲವು ದೇಶಗಳಲ್ಲಿತ್ತು. ನಮ್ಮ ಊರಿನ ಆಸ್ಪತ್ರೆಯಲ್ಲಿ ತಾಯಿಗೋ ತಂದೆಗೋ ಎಂ.ಆರ್.ಐ. ಮಾಡಿಸುವಾಗ, ಆ ಯಂತ್ರದೊಳಗಿನ ತಂಪು ಎಂದೋ ಕುಸಿದ ಥೋರಿಯಂ, ಯುರೇನಿಯಂ ಪರಮಾಣುಗಳಿಂದ ಬಂದದ್ದು ಎಂದು ನೆನೆದರೆ ನನಗೆ ಇವತ್ತಿಗೂ ಮೈ ಪುಳಕಗೊಳ್ಳುತ್ತದೆ.

ಹರಳಿನ ಗುರುತಿಗೆ ಮರಳುತ್ತೇನೆ. ಡನ್‌ಸ್ಟನ್ ಹೇಳಿದ್ದನ್ನು ಮುಂದಿನ ಸಾಧನಗಳು ಒಂದೊಂದಾಗಿ ಗಟ್ಟಿಮಾಡಿದವು. 1912ರಲ್ಲಿ ಲಾವೆ, ಮರುವರ್ಷ ಬ್ರ್ಯಾಗ್ ತಂದೆ ಮಗ ಎಕ್ಸ್-ಕಿರಣದಿಂದ ಹರಳಿನ ಒಳಜೋಡಣೆ ನೋಡುವ ದಾರಿ ತೆರೆದರು. ಥೋರಿಯಂ ಆಕ್ಸೈಡ್, ಯುರೇನಿಯಂ ಆಕ್ಸೈಡ್ ಎರಡರದೂ ಫ್ಲೋರೈಟ್ ಮಾದರಿಯ ಕಟ್ಟು. ಒಂದೊಂದು ಲೋಹದ ಪರಮಾಣುವಿನ ಸುತ್ತ ಎಂಟು ಆಮ್ಲಜನಕ. ಪುನರಾವರ್ತನೆಯಾಗುವ ಘನದ ಅಂಚು ಒಂದರಲ್ಲಿ 5.60 ಆಂಗ್‌ಸ್ಟ್ರಾಂ, ಇನ್ನೊಂದರಲ್ಲಿ 5.47. ಇಷ್ಟೇ ವ್ಯತ್ಯಾಸ. ಕಟ್ಟು ಒಂದೇ ಆದ್ದರಿಂದ ಒಂದರ ಜಾಗದಲ್ಲಿ ಇನ್ನೊಂದು ಎಷ್ಟು ಬೇಕಾದರೂ ಕೂರಬಹುದು. ಎರಡರ ನಡುವಿನ ಹರಳುಗಳೂ ಸಿಗುತ್ತವೆ. ಲೋಹದ ಪಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಥೋರಿಯಂ ಇದ್ದರೆ ಥೋರಿಯನೈಟ್, ಯುರೇನಿಯಂ ಇದ್ದರೆ ಯುರೇನಿನೈಟ್ ಎಂಬುದು ಇಂದಿನ ನಿಯಮ.

ಈಗ ಇನ್ನೂ ಸುಲಭದ ದಾರಿಯಿದೆ. ಅದು ನಮ್ಮವರೇ ತೋರಿದ್ದು. 1928ರಲ್ಲಿ ಸಿ.ವಿ. ರಾಮನ್ ಕಂಡ ಬೆಳಕಿನ ಪರಿಣಾಮ ಇಂದು ಖನಿಜ ಪರೀಕ್ಷೆಯ ದಿನನಿತ್ಯದ ಸಾಧನ. ಹರಳಿನ ಮೇಲೆ ಲೇಸರ್ ಬಿಟ್ಟು, ಚದುರಿದ ಬೆಳಕಿನ ಬದಲಾವಣೆ ಅಳೆಯುತ್ತಾರೆ. ಫ್ಲೋರೈಟ್ ಕಟ್ಟಿನ ಆಕ್ಸೈಡ್‌ಗೆ ಬರುವುದು ಒಂದೇ ಮುಖ್ಯ ಗೆರೆ. ಥೋರಿಯಂ ಆಕ್ಸೈಡಿನದು ಸೆಂಟಿಮೀಟರಿಗೆ 465ರ ಹತ್ತಿರ, ಯುರೇನಿಯಂ ಆಕ್ಸೈಡಿನದು 445ರ ಹತ್ತಿರ. ಕುಮಾರಸ್ವಾಮಿಯವರ ಕೈಯಲ್ಲಿ ಇಂಥದ್ದೊಂದು ಯಂತ್ರವಿದ್ದಿದ್ದರೆ ಬಲಾಂಗೊಡದಲ್ಲೇ ತೀರ್ಮಾನವಾಗುತ್ತಿತ್ತು. ರಾಮನ್ ಸ್ವತಃ ಕಲ್ಲು, ಹರಳುಗಳ ಅಪಾರ ಪ್ರೇಮಿ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಅವರು ಕೂಡಿಹಾಕಿದ ಖನಿಜ ಸಂಗ್ರಹ ಇಂದಿಗೂ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಲೇಬೇಕಾದದ್ದು.

ಹೊಸ ಹೆಸರು ಪಡೆದ ಎಲ್ಲ ಖನಿಜಗಳೂ ಥೋರಿಯನೈಟಿನಂತೆ ಉಳಿಯಲಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಫರ್ಮರ್ ಮಧ್ಯಭಾರತದ ಮ್ಯಾಂಗನೀಸ್ ಗಣಿಗಳಿಂದ ಹಲವು ಹೊಸ ಆಕ್ಸೈಡ್‌ಗಳನ್ನು ಹೆಸರಿಸಿದರು. ಝಾಬುವಾದ ಕಾಜಲೀಡೊಂಗ್ರಿ ಗಣಿಯ ಹಾಲಂಡೈಟ್ 1906ರದು. ಅದು ಗಟ್ಟಿಯಾಗಿ ನಿಂತಿತು. ಅದರೊಳಗೆ ಸುರಂಗದಂಥ ಖಾಲಿ ಜಾಗಗಳಿವೆ, ಅಲ್ಲಿ ಬೇರಿಯಂ ಕೂರುತ್ತದೆ. ಪರಮಾಣು ತ್ಯಾಜ್ಯದ ಸೀಸಿಯಂ ಅನ್ನು ಅಂಥ ಜಾಗದಲ್ಲಿ ಕೂಡಿಹಾಕಬಹುದು ಎಂದು 1978ರಲ್ಲಿ ಆಸ್ಟ್ರೇಲಿಯದ ರಿಂಗ್‌ವುಡ್ ಯೋಜನೆ ಮಾಡಿದರು. ಆದರೆ ಅದೇ ಫರ್ಮರ್ ಹೆಸರಿಸಿದ ವ್ರೆಡೆನ್‌ಬರ್ಗೈಟ್ ಒಂದು ಖನಿಜವಲ್ಲ, ಎರಡು ಆಕ್ಸೈಡ್‌ಗಳು ಒಂದರೊಳಗೊಂದು ಹೆಣೆದುಕೊಂಡದ್ದು ಎಂದು ಸೂಕ್ಷ್ಮದರ್ಶಕ ತೋರಿಸಿತು. ಸಿತಾಪರೈಟ್ ಎಂಬುದು ಅಮೆರಿಕದ ಯೂಟಾದಲ್ಲಿ ಮೊದಲೇ ಹೆಸರು ಪಡೆದಿದ್ದ ಬಿಕ್ಸ್‌ಬೈಟೇ ಎಂದು ಗೊತ್ತಾಯಿತು. ಆಕ್ಸೈಡ್ ಅಲ್ಲದಿದ್ದರೂ ಹೇಳಬೇಕು, ನಮ್ಮ ಬಾಬಾಬುಡನ್ ಗಿರಿಯ ಹೆಸರಿನಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ 1908ರಲ್ಲಿ ಕರೆದ ಬಾಬಾಬುಡನೈಟ್ ಇವತ್ತು ಪಟ್ಟಿಯಲ್ಲಿಲ್ಲ. ಅದು ಮೆಗ್ನೀಸಿಯೋ-ರೀಬೆಕೈಟ್ ಎಂಬುದರಲ್ಲಿ ಲೀನವಾಗಿದೆ.

ಇಂಥ ಗೊಂದಲ ತಪ್ಪಿಸಲೆಂದೇ 1959ರಿಂದ ಅಂತರರಾಷ್ಟ್ರೀಯ ಖನಿಜವಿಜ್ಞಾನ ಸಂಘದ ಆಯೋಗವಿದೆ. ಹೊಸ ಖನಿಜ ಎನ್ನುವವರು ರಾಸಾಯನಿಕ ವಿಶ್ಲೇಷಣೆ, ಒಳಜೋಡಣೆ, ಬೆಳಕಿನ ಗುಣ, ಸಿಕ್ಕ ಜಾಗ ಎಲ್ಲವನ್ನೂ ಮುಂದಿಡಬೇಕು. ಬೇರೆ ಬೇರೆ ದೇಶಗಳ ಸದಸ್ಯರು ಮತ ಹಾಕುತ್ತಾರೆ. ಮಾದರಿ ಹರಳನ್ನು ವಸ್ತುಸಂಗ್ರಹಾಲಯದಲ್ಲಿ ಇಡಬೇಕು. ಕಂಡುಹಿಡಿದವರು ತಮ್ಮ ಹೆಸರನ್ನೇ ಇಟ್ಟುಕೊಳ್ಳುವಂತಿಲ್ಲ.

ಈ ಬಾಗಿಲು ದಾಟಿ ಬಂದ ಕನ್ನಡ ನಾಡಿನ ಎರಡು ಖನಿಜಗಳನ್ನು ಹೆಮ್ಮೆಯಿಂದ ಹೇಳುತ್ತೇನೆ. ಕೋಲಾರದ ಚಿನ್ನದ ಗಣಿಯ ಅದಿರಿನಲ್ಲಿ, ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುವ ಕಣಗಳಾಗಿ ಸಿಕ್ಕ ಕೋಲಾರೈಟ್ ಮತ್ತು ರಾಧಾಕೃಷ್ಣೈಟ್. ಆಕ್ಸೈಡ್‌ಗಳಲ್ಲ, ಸೀಸ, ಟೆಲ್ಯೂರಿಯಂ, ಕ್ಲೋರಿನ್ ಕೂಡಿದವು. ಮಾಸ್ಕೋದ ಗೆನ್ಕಿನ್, ಸಫೊನೊವ್ ಅವರ ಜೊತೆ ನಮ್ಮ ವಿ.ಎನ್. ವಾಸುದೇವ್, ಬಿ. ಕೃಷ್ಣರಾವ್ ಮುಂತಾದವರು ಸೇರಿ 1985ರಲ್ಲಿ ಕೆನಡಾದ ಪತ್ರಿಕೆಯಲ್ಲಿ ಪ್ರಕಟಿಸಿದರು. ನೂರು ವರ್ಷದಿಂದ ಆ ಅದಿರನ್ನು ಅರೆದು ಚಿನ್ನ ತೆಗೆಯುತ್ತಿದ್ದರು. ಎಲೆಕ್ಟ್ರಾನ್ ಕಿರಣದಿಂದ ಅಷ್ಟು ಚಿಕ್ಕ ಕಣದ ಧಾತು ಎಣಿಸುವ ಯಂತ್ರ ಬರುವವರೆಗೆ ಇವು ಕಣ್ಣಿಗೆ ಬೀಳಲಿಲ್ಲ. ಎರಡನೆಯದಕ್ಕೆ ಬಿ.ಪಿ. ರಾಧಾಕೃಷ್ಣ ಅವರ ಹೆಸರು. ಭೂವಿಜ್ಞಾನ ಇಲಾಖೆಯನ್ನು ನಡೆಸಿ, ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾದ ಪತ್ರಿಕೆಯನ್ನು ದಶಕಗಳ ಕಾಲ ಬೆಳೆಸಿ, ಕನ್ನಡದಲ್ಲೂ ನೆಲದ ಕಥೆ ಬರೆದ ಆ ಹಿರಿಯರಿಗೆ ಅವರು ಬದುಕಿದ್ದಾಗಲೇ ಈ ಗೌರವ ಸಂದಿತು.

ಕುಮಾರಸ್ವಾಮಿ 1906ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದು ಸರ್ವೇಕ್ಷಣೆಯ ಕೆಲಸ ಬಿಟ್ಟರು. ಕಲ್ಲು ಹುಡುಕುತ್ತ ಹಳ್ಳಿ ಹಳ್ಳಿ ತಿರುಗಿದಾಗ ಅಲ್ಲಿನ ಕಮ್ಮಾರ, ಕುಂಬಾರ, ನೇಕಾರರ ಕೈಕೆಲಸ ಅವರ ಮನಸ್ಸು ಹಿಡಿದಿತ್ತು. 1908ರಲ್ಲಿ ಸಿಂಹಳದ ಮಧ್ಯಕಾಲೀನ ಕಲೆಯ ಮೇಲೆ ದೊಡ್ಡ ಗ್ರಂಥ ಹೊರಬಂತು. ವಸ್ತುವನ್ನು ಕೈಯಲ್ಲಿ ಹಿಡಿದು, ಎಲ್ಲಿ ಸಿಕ್ಕಿತು, ಯಾವುದರಿಂದ ಆಯಿತು, ಯಾವುದರ ಪಕ್ಕದಲ್ಲಿತ್ತು ಎಂದು ಬಿಡದೆ ಕೇಳುವ ಅಭ್ಯಾಸ ಅವರಿಗೆ ಆ ಜಲ್ಲಿಗುಂಡಿಗಳಲ್ಲಿ ಬಂದದ್ದು ಎಂದು ನನಗೆ ಅನ್ನಿಸುತ್ತದೆ. ಅವರ ಕಲಾಬರಹಗಳಲ್ಲಿ ಆ ಅಭ್ಯಾಸ ಕೊನೆಯವರೆಗೂ ಕಾಣುತ್ತದೆ.

ಕೇಳುತ್ತಿರುವ ಶಾಲಾ ಮಕ್ಕಳಿಗೆ, ಮೇಷ್ಟ್ರುಗಳಿಗೆ ಒಂದೆರಡು ಮಾತು. ಹಳ್ಳದಲ್ಲೋ ಗುಡ್ಡದಲ್ಲೋ ಗಾತ್ರಕ್ಕೆ ಮೀರಿ ಭಾರವಾದ ಕಪ್ಪು ಕಲ್ಲು ಸಿಕ್ಕರೆ ಮೊದಲು ಆಯಸ್ಕಾಂತ ಹಿಡಿದು ನೋಡಿ. ಬಲವಾಗಿ ಅಂಟಿದರೆ ಮ್ಯಾಗ್ನೆಟೈಟ್ ಇರಬಹುದು. ಟೈಲ್ಸಿನ ಒರಟು ಹಿಂಬದಿಗೆ ಉಜ್ಜಿ. ಗೆರೆ ಕೆಂಪಾದರೆ ಹೆಮಟೈಟ್ ಆಗುವ ಸಂಭವ ಹೆಚ್ಚು. ಎರಡೂ ಅಲ್ಲ, ಭಾರ ಮಾತ್ರ ಬಹಳ ಎನ್ನಿಸಿದರೆ ಜೇಬಿನಲ್ಲಿ ಇಟ್ಟುಕೊಂಡು ತಿರುಗಬೇಡಿ, ಮಲಗುವ ಕೋಣೆಯಲ್ಲಿ ಇಡಬೇಡಿ, ಪುಡಿಮಾಡಲೇಬೇಡಿ. ಡಬ್ಬಿಯಲ್ಲಿ ಹಾಕಿ ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೋ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಗೋ ಕೊಡಿ. ಡಬ್ಬಿಯ ಜೊತೆ ಒಂದು ಚೀಟಿ ಇಡಿ: ಊರು, ಹಳ್ಳದ ಹೆಸರು, ಎಷ್ಟು ಆಳದಲ್ಲಿ ಸಿಕ್ಕಿತು, ಸುತ್ತ ಯಾವ ಬಗೆಯ ಕಲ್ಲಿತ್ತು, ತಾರೀಖು. ಪರೀಕ್ಷಿಸುವವರು ಮೊದಲು ಕೇಳುವುದು ಆ ಚೀಟಿಯನ್ನೇ.